ಮೂಗು ಮೇಸ್ತ್ರಿಯ ಎರಡನೇ ಭೇಟಿ

ಒಂದೇ ಮನೆಯಿಂದ, ಒಂದೇ ವಾಸನೆಯ ವಿಷಯಕ್ಕೆ, ಎರಡನೆಯ ಸಲ ಕರೆ ಬಂದದ್ದು ಮೂವತ್ತೊಂದು ವರ್ಷದ ಕಸುಬಿನಲ್ಲಿ ಇದೇ ಮೊದಲು. ಫೋನನ್ನು ಜೇಬಿಗೆ ಹಾಕಿಕೊಂಡ ಮೇಲೂ ಮೇಸ್ತ್ರಿ ಸ್ಟ್ಯಾಂಡು ಹಾಕಿದ ಸ್ಕೂಟರಿನ ಮೇಲೆ ಸುಮ್ಮನೆ ಕುಳಿತಿದ್ದ. ಎದುರಿನ ಅಂಗಡಿಯವನು ಪೆಟ್ರೋಲ್ ಮುಗಿಯಿತೇ ಎಂದು ಕೇಳಿದ. ಇಲ್ಲ ಎಂದ. ಮುಗಿದದ್ದು ಬೇರೆ, ಅದನ್ನು ಅಂಗಡಿಯವನಿಗೆ ಹೇಳುವಂತಿರಲಿಲ್ಲ.

ಊರಲ್ಲಿ ವೈರಿಂಗ್ ಮಾಡುವವರಿಗೇನೂ ಬರವಿಲ್ಲ. ಆದರೆ ಎಲ್ಲೋ ಸುಡುತ್ತಿದೆ, ಎಲ್ಲೆಂದು ತಿಳಿಯುತ್ತಿಲ್ಲ ಎನ್ನುವ ಮನೆಯವರು ಹುಡುಕಿಕೊಂಡು ಬರುತ್ತಿದ್ದದ್ದು ಇವನೊಬ್ಬನನ್ನೇ. 'ಮೂಗು ಮೇಸ್ತ್ರಿ' ಎಂಬ ಬಿರುದನ್ನು ಕೊಟ್ಟವರು ಜನ. ಅದನ್ನು ನೀರೆರೆದು ಬೆಳೆಸಿದವನು ತಾನೇ. ಕೋಣೆಯ ನಡುವೆ ನಿಲ್ಲುವುದು, ಫ್ಯಾನು ಆರಿಸಿ ಎನ್ನುವುದು, ಕೈ ಹಿಂದೆ ಕಟ್ಟಿ ಕಣ್ಣು ಮುಚ್ಚುವುದು, ಸರಿಯಾಗಿ ಮೂರು ಸಲ ಮೂಸುವುದು, ಆಮೇಲೆ ಕಣ್ಣು ಬಿಡದೆಯೇ ಬೆರಳು ತೋರಿಸುವುದು. ತೋರಿಸಿದಲ್ಲಿ ಬಿಚ್ಚಿದರೆ ಕಪ್ಪಾದ ವೈರು ಇದ್ದೇ ಇರುತ್ತಿತ್ತು. ಮೊದಲ ಸಲ ಮೂಸಿದಾಗಲೇ ಅವನಿಗೆ ಗೊತ್ತಾಗಿರುತ್ತಿತ್ತು. ಉಳಿದೆರಡು ನೋಡುವವರ ಸಂತೋಷಕ್ಕೆ.

ಒಂಬತ್ತು ತಿಂಗಳ ಹಿಂದೆ ಒಂದು ಜ್ವರ ಬಂತು. ಐದು ದಿನ ಇತ್ತು, ಹೋಯಿತು. ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ವಾಪಸ್ಸು ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಇಷ್ಟು ಹೇಳುವುದಕ್ಕೆ ಡಾಕ್ಟರೇ ಆಗಬೇಕಾಗಿರಲಿಲ್ಲ. ಅವರೊಬ್ಬರನ್ನು ಬಿಟ್ಟರೆ ಈ ಸಂಗತಿ ಯಾರಿಗೂ ಗೊತ್ತಿಲ್ಲ, ಹೆಂಡತಿಗೂ ಇಲ್ಲ. ಮೊದಲ ವಾರ, ನಾಳೆಯೇ ಸರಿಹೋದರೆ ಇವತ್ತು ಹೇಳಿದ್ದು ದಂಡ ಎಂದುಕೊಂಡ. ಎರಡನೆಯ ತಿಂಗಳು, ಮೊದಲ ವಾರವೇ ಯಾಕೆ ಹೇಳಲಿಲ್ಲ ಎಂದರೆ ಏನು ಹೇಳಲಿ ಎಂದುಕೊಂಡ. ಆಮೇಲೆ ಅದು ಹೇಳುವ ಕೇಳುವ ವಿಷಯವಾಗಿ ಉಳಿಯಲೇ ಇಲ್ಲ. ಮನೆಯಲ್ಲಿ ಮೂರನೆಯ ಆಸಾಮಿಯ ಹಾಗೆ ಠಿಕಾಣಿ ಹೂಡಿತು. ಊಟವೆಂದರೆ ಬಿಸಿ, ತಣ್ಣಗೆ, ಉಪ್ಪು, ಖಾರ, ಇಷ್ಟೇ. ಅವಳು ಹೊಸ ಸೋಪು ತಂದರೂ ತಲೆಯೆಣ್ಣೆ ಬದಲಿಸಿದರೂ ಇವನು ತಾನಾಗಿ ಏನೂ ಅನ್ನುತ್ತಿರಲಿಲ್ಲ, ಕೇಳಿದರೆ ಹೂಂ ಎನ್ನುತ್ತಿದ್ದ. ಗಂಡಸರಿಗೆ ವಯಸ್ಸಾದರೆ ಹೀಗೇ ಎಂದು ಅವಳೂ ಸುಮ್ಮನಾಗಿದ್ದಳು. ಗೋಡೆ, ಕುರ್ಚಿ, ಹಾಸಿಗೆ ಎಲ್ಲ ಇದ್ದಲ್ಲೇ ಇದ್ದವು. ಆದರೆ ಸ್ವಂತ ಮನೆಯಲ್ಲಿ ಅವನಿಗೆ ಯಾರದೋ ಮನೆಗೆ ಕೆಲಸಕ್ಕೆ ಬಂದು, ಕೆಲಸ ಮುಗಿದ ಮೇಲೂ ಕುಳಿತಿರುವ ಹಾಗೆ ಅನಿಸುತ್ತಿತ್ತು.

ಕಸುಬಿನಲ್ಲಿ ಮಾತ್ರ ನಾಟಕ ನಿಲ್ಲಿಸಲಿಲ್ಲ. ಬಾಗಿಲು ದಾಟುವಾಗಲೇ ಕಣ್ಣು ಓಡಿಸುತ್ತಿದ್ದ: ಯಾವ ಸ್ವಿಚ್ಚು ಹಳದಿಯಾಗಿದೆ, ಯಾವ ಪ್ಲಗ್ಗು ಸೊಟ್ಟಗಾಗಿದೆ, ಯಾವ ಬೋರ್ಡಿನ ಮೇಲೆ ಸುಣ್ಣ ಕಪ್ಪಿಟ್ಟಿದೆ. ಮೊದಲು ಕಣ್ಣಿನಿಂದ ಹಿಡಿದು, ಆಮೇಲೆ ಕಣ್ಣು ಮುಚ್ಚಿ ಮೂಗಿನಿಂದ ಹಿಡಿದಂತೆ ತೋರಿಸುವುದು. ಒಂಬತ್ತು ತಿಂಗಳು ನಡೆಯಿತು. ಟೀಚರ ಮನೆಯಲ್ಲಿ ಮುಗ್ಗರಿಸಿತು.

ಟೀಚರ್ ಮೂವತ್ತು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತರಾದವರು. ಈಗ ಮನೆಯ ಕೆಳಗಿನ ಕಾರ್ ಶೆಡ್ಡಿನಲ್ಲಿ ಮರದ ಆಟಿಕೆ ಮಾಡುತ್ತಾರೆ, ಚಕ್ರದ ಮೇಲೆ ಓಡುವ ಬಾತುಕೋಳಿ, ಬಾಲ ಅಲ್ಲಾಡಿಸುವ ಮೊಸಳೆ. ಶೆಡ್ಡಿನಲ್ಲಿ ಕಾರಿಲ್ಲ, ಕಾರು ಓಡಿಸುತ್ತಿದ್ದ ಅಣ್ಣನೂ ಈಗಿಲ್ಲ. ಮನೆ ಮಹಡಿಯ ಮೇಲಿರುವ ಅತ್ತಿಗೆಯದು. ಮೂರು ದಿನದ ಹಿಂದೆ ಮೇಸ್ತ್ರಿ ಮೊದಲ ಸಲ ಬಂದಾಗ, ಗರಗಸದ ಮಿಷನ್ನಿನ ಸಾಕೆಟ್ಟು ಕಂದುಬಣ್ಣಕ್ಕೆ ತಿರುಗಿದ್ದು ಬಾಗಿಲಿನಿಂದಲೇ ಕಂಡಿತ್ತು. ಮೂರು ಸಲ ಮೂಸಿ ಅದನ್ನೇ ತೋರಿಸಿದ್ದ.

"ಅಲ್ಲಲ್ಲ ಅನ್ಸುತ್ತೆ ಮೇಸ್ತ್ರಿ," ಎಂದಿದ್ದರು ಟೀಚರ್. "ನಂಗೆ ಆ ಹಲಗೆಗಳ ಗೋಡೆ ಕಡೆಯಿಂದ ಬಂದಂಗಿತ್ತು."

"ಟೀಚರೇ, ಮೂಗು ನಿಮ್ಮದೋ ನನ್ನದೋ?"

ಮೆಟ್ಟಿಲ ಮೇಲಿದ್ದ ಅತ್ತಿಗೆ ಪಕಪಕ ನಕ್ಕಿದ್ದರು. ಟೀಚರ್ ನಕ್ಕಿರಲಿಲ್ಲ. ಮೇಸ್ತ್ರಿ ಹೊಸ ಸಾಕೆಟ್ಟು ಹಾಕಿ, ಇನ್ನು ಧೈರ್ಯವಾಗಿ ಓಡಿಸಿ ಎಂದು ಹೇಳಿ ಹೊರಟಿದ್ದ. ಅವರು ಧೈರ್ಯವಾಗಿಯೇ ಓಡಿಸಿದ್ದರು.

ಈಗ ಅತ್ತಿಗೆ ಗೇಟಿನಲ್ಲೇ ನಿಂತಿದ್ದರು.

"ಬನ್ನಿ ಮೇಸ್ತ್ರಿ. ಇವತ್ತು ವಾಸನೆ ನಮ್ಮ ಹಾಲ್‌ವರೆಗೂ ಬಂತು. ಇವಳಿಗೆ ಹೇಳಿಬಿಟ್ಟಿದೀನಿ, ಸಾಯಂಕಾಲದೊಳಗೆ ಸಿಕ್ಕಿದ್ರೆ ಸರಿ, ಇಲ್ದಿದ್ರೆ ಶೆಡ್ಡಿನ ಕರೆಂಟೇ ತೆಗೆಸಿಬಿಡೋದು ಅಂತ. ಒಂದು ಬಾತುಕೋಳಿಗೋಸ್ಕರ ನಾನು ಸುಟ್ಟುಹೋಗೋಕೆ ತಯಾರಿಲ್ಲಪ್ಪ."

"ಒಂದಲ್ಲ ಅತ್ತಿಗೆ, ನಲವತ್ತು," ಎಂದಿತು ಶೆಡ್ಡಿನೊಳಗಿನ ದನಿ.

"ನಲವತ್ತಾದ್ರೆ ಸುಟ್ಟುಹೋಗಬಹುದು ಅಂತೀಯೇನೇ?"

ಮೇಸ್ತ್ರಿ ಒಳಗೆ ಹೋದ. ನಡುವೆ ಗರಗಸದ ಮಿಷನ್ನು, ಅದಕ್ಕೆ ಅಂಟಿಕೊಂಡು ಮರದ ಪುಡಿ ಎಳೆಯುವ ಬ್ಲೋವರು, ಮೂಲೆಯಲ್ಲಿ ಅಂಟು ಕಾಯಿಸುವ ಹೀಟರು. ಒಂದು ಉದ್ದನೆಯ ಗೋಡೆ ತುಂಬ ನೆಲದಿಂದ ಮಾಡಿನವರೆಗೆ ಹಲಗೆಗಳನ್ನು ಜೋಡಿಸಿದ ಮೂರ್ನಾಲ್ಕು ಕಬ್ಬಿಣದ ರ‍್ಯಾಕು. ಕಿಟಕಿಯ ಕೆಳಗೆ ಇನ್ನೂ ಕಣ್ಣು ಬರೆಸಿಕೊಳ್ಳದ ಬಾತುಕೋಳಿಗಳು ಸಾಲಾಗಿ ಇವನ ಕಡೆಗೇ ಮುಖ ಮಾಡಿ ನಿಂತಿದ್ದವು. ಅವನು ಬಾಗಿಲಿನಿಂದ ಕಣ್ಣು ಓಡಿಸಿದ. ಎಲ್ಲ ಚೊಕ್ಕಟ. ಎಲ್ಲೂ ಒಂದು ಕಲೆಯಿಲ್ಲ. ತಾನು ಹಾಕಿದ ಹೊಸ ಸಾಕೆಟ್ಟು ಮಾತ್ರ ಹಲ್ಲು ಕಿರಿಯುತ್ತಿತ್ತು.

ಮೇನ್ ಬೋರ್ಡಿನಿಂದ ಶುರುಮಾಡಿದ. ಮೇನು ಆರಿಸಿ ಮುಚ್ಚಳ ತೆಗೆದು ಒಂದೊಂದೇ ಸ್ಕ್ರೂ ತಿರುಗಿಸಿ ನೋಡಿದ, ಎಲ್ಲ ಬಿಗಿಯಾಗಿದ್ದವು. ಆದರೆ ಶೆಡ್ಡಿನ ಲೈನಿಗೆ ಹಾಕಿದ್ದ, ಲೋಡು ಹೆಚ್ಚಾದರೆ ತಾನಾಗಿ ಬಿದ್ದು ಕರೆಂಟು ತಪ್ಪಿಸಬೇಕಾದ ಎಂಸಿಬಿ ನೋಡಿ ಹುಬ್ಬು ಗಂಟಿಕ್ಕಿದ.

"ಇಷ್ಟು ಸಣ್ಣ ವೈರಿಗೆ ಮೂವತ್ತೆರಡು ಆಂಪಿಯರಿಂದು ಯಾರು ಹಾಕಿದ್ದು?"

"ನಮ್ಮಣ್ಣ. ಮೊದಲಿಂದು ಪದೇ ಪದೇ ಬೀಳ್ತಿತ್ತು ಅಂತ."

"ಬೀಳೋದೇ ಅದರ ಕೆಲಸ ಟೀಚರೇ. ಕಾವಲಿನವನು ಕೂಗ್ತಾನೆ ಅಂತ ಅವನನ್ನ ಕಳಿಸಿ, ನಿದ್ದೆ ಹೊಡೆಯೋನನ್ನ ಇಟ್ಕೊಂಡಂಗಾಯ್ತು."

ಮತ್ತೆ ಕರೆಂಟು ಕೊಟ್ಟು, ದಿನಾ ಹೇಗೆ ಕೆಲಸ ಮಾಡುತ್ತೀರೋ ಹಾಗೇ ಮಾಡಿ ಎಂದ. ಗರಗಸ, ಬ್ಲೋವರು, ಹೀಟರು ಮೂರೂ ಓಡತೊಡಗಿದವು. ಟೀಚರ್ ಹಲಗೆ ಕೊಯ್ಯುತ್ತಿದ್ದಂತೆ ಇವನು ಮೀಟರು ಹಿಡಿದು ಬೋರ್ಡಿಗೂ ಸಾಕೆಟ್ಟಿಗೂ ಓಡಾಡಿದ. ಬೋರ್ಡಿನಲ್ಲಿ ಇನ್ನೂರ ಇಪ್ಪತ್ತೊಂಬತ್ತು ವೋಲ್ಟು. ಸಾಕೆಟ್ಟಿನಲ್ಲಿ ಇನ್ನೂರ ಒಂಬತ್ತು. ಇಪ್ಪತ್ತು ವೋಲ್ಟು ದಾರಿಯಲ್ಲೇ ಸೋರಿಹೋಗುತ್ತಿತ್ತು. ವೈರು ಸಣ್ಣದೆಂದು ಆರೇಳು ಬಿಟ್ಟರೂ ಉಳಿದದ್ದನ್ನೆಲ್ಲ ಯಾವುದೋ ಒಂದೇ ಜಾಗ ಕೂತು ತಿನ್ನುತ್ತಿತ್ತು. ಹದಿಮೂರು ಆಂಪಿಯರು ಹರಿಯುವಾಗ ಅದು ಎಷ್ಟು ಕಾವು ಎಂದು ಮನಸ್ಸಿನಲ್ಲೇ ಗುಣಿಸಿದ: ಅರವತ್ತು ವ್ಯಾಟಿನ ಮೂರು ಹಳೇ ಬಲ್ಬುಗಳು, ಗೋಡೆಯ ಯಾವುದೋ ಸಂದಿಯಲ್ಲಿ, ಕಣ್ಣಿಗೆ ಕಾಣದಂತೆ ಉರಿಯುತ್ತಿವೆ. ಪಕ್ಕದಲ್ಲಿ ಒಣಗಿದ ಮರ. ಮೂರು ದಿನದಿಂದ, ಧೈರ್ಯವಾಗಿ.

ಅವನು ಮೀಟರು ಕೆಳಗಿಟ್ಟ. ಮಿಷನ್ನು ನಿಲ್ಲಿಸಲು ಕೈ ಮಾಡಿದ.

"ಟೀಚರೇ, ಇಡೀ ವೈರಿಂಗ್ ತೆಗೆದು ಹೊಸದು ಹಾಕಬೇಕಾಗುತ್ತೆ. ಒಂದೆರಡು ವಾರ ಬಂದ್ ಮಾಡಿ."

ಅದು ಸುಳ್ಳೇನೂ ಆಗಿರಲಿಲ್ಲ. ಯಾವ ಎಲೆಕ್ಟ್ರಿಷಿಯನ್ನನ್ನು ಕೇಳಿದರೂ ಹೌದು ಎನ್ನುತ್ತಿದ್ದ. ಮೂಗಿನ ಮಾತೇ ಏಳದಂತೆ ಮರ್ಯಾದೆಯಾಗಿ ಹೊರಗೆ ಹೋಗುವ ದಾರಿ ಅದು.

"ಎರಡು ವಾರ ಬಂದಾದ್ರೆ ಇದು ಮತ್ತೆ ತೆರೆಯಲ್ಲ ಮೇಸ್ತ್ರಿ," ಎಂದರು ಟೀಚರ್, ಕನ್ನಡಕದ ಮೇಲಿನ ಮರದ ಪುಡಿ ಊದುತ್ತ. "ಅತ್ತಿಗೆ ಕೆಟ್ಟವಳಲ್ಲ, ಅವಳಿಗೆ ಹೆದರಿಕೆ. ಒಂದ್ಸಲ ತೆಗೆಸಿದ್ರೆ ಆಮೇಲೆ ಹಾಕಿಸೋಕೆ ಬಿಡಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೂ ಮೇಲೆ ಕೂತ್ಕೊಂಡು ಇಬ್ರೂ ಒಬ್ಬರ ಮುಖ ಒಬ್ಬರು ನೋಡ್ತಾ... ಬೇಡ. ನಿಮ್ಮ ಮೂಗಿದೆಯಲ್ಲ, ಹುಡುಕಿ."

ಇನ್ನೇನು ಮಾಡುವುದು? ಅಭ್ಯಾಸಬಲದಿಂದ ಕೋಣೆಯ ನಡುವೆ ನಿಂತ. ಕೈ ಹಿಂದೆ ಕಟ್ಟಿದ. ಕಣ್ಣು ಮುಚ್ಚಿದ. ಒಂದು ಸಲ ಮೂಸಿದ. ಎರಡು. ಮೂರು. ಗಾಳಿ ಒಳಗೆ ಬಂತು, ಹೊರಗೆ ಹೋಯಿತು; ನೀರಿಗಾದರೂ ಒಂದು ರುಚಿಯಿದೆ, ಇದಕ್ಕೆ ಅದೂ ಇಲ್ಲ. ಕಣ್ಣು ಮುಚ್ಚಿದ ಕತ್ತಲೆಯಲ್ಲಿ ಅವನೊಬ್ಬನೇ ಇದ್ದ.

"ಈಗ ಬಂತು ನೋಡಿ," ಎಂದರು ಟೀಚರ್ ಹಿಂದಿನಿಂದ ಮೆಲ್ಲಗೆ. "ವೈರು ಸುಟ್ಟ ವಾಸನೆ. ಜೋರಾಗೇ ಬಂತು."

"ಹೂಂ, ಬಂತು."

"ಬಂದಿಲ್ಲ."

ಅವನು ಕಣ್ಣು ಬಿಟ್ಟ.

"ಬಂದಿಲ್ಲ ಮೇಸ್ತ್ರಿ. ಬರೋಕೆ ಸಾಧ್ಯವೂ ಇಲ್ಲ. ನೀವು ಕಣ್ಣು ಮುಚ್ಚಿದ ಕೂಡಲೇ ಅಂಟಿನ ಪಾತ್ರೆ ಮುಚ್ಚಳ ತೆಗೆದು ನಿಮ್ಮ ಮೊಣಕೈ ಹತ್ರ ಇಟ್ಟಿದೀನಿ. ಚರ್ಮದಿಂದ ಮಾಡೋ ಅಂಟು ಅದು. ಇದರ ನಾತಕ್ಕೇ ಅತ್ತಿಗೆ ಶೆಡ್ಡಿನೊಳಗೆ ಕಾಲಿಡಲ್ಲ. ನಂಗೇ ಕಣ್ಣಲ್ಲಿ ನೀರು ಬರ್ತಿದೆ. ನೀವು ಮುಖ ಕೂಡ ಸಿಂಡರಿಸಲಿಲ್ಲ." ಟೀಚರ್ ಮುಚ್ಚಳ ಮುಚ್ಚಿದರು. "ಎಷ್ಟು ದಿನ ಆಯ್ತು?"

ಹೋಂವರ್ಕ್ ಯಾಕೆ ಮಾಡಿಲ್ಲ ಎಂದು ಕೇಳುವ ದನಿ. ಐವತ್ತೇಳರ ಮೇಸ್ತ್ರಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಒಂಬತ್ತು ತಿಂಗಳು."

"ಪೂರ್ತಿ?"

"ಪೂರ್ತಿ."

"ಮನೇಲಿ ಗೊತ್ತಾ?"

ಅವನು ತಲೆ ಅಲ್ಲಾಡಿಸಿದ.

"ಮನೇಲಿ ಗ್ಯಾಸ್ ಲೀಕ್ ಆದ್ರೆ?"

"ಅವಳಿದಾಳಲ್ಲ."

"ನಮ್ಮನೆಯವರ ಮೂಗಿದೆ ಅಂತ ನಿಮ್ಮ ಹೆಂಡತಿ ನಿಶ್ಚಿಂತೆಯಾಗಿರ್ತಾರೆ ಮೇಸ್ತ್ರಿ. ನಾನೂ ಮೂರು ದಿನ ಹಾಗೇ ಇದ್ದೆ."

ಮೇಸ್ತ್ರಿ ತಾನು ಹಾಕಿದ ಹೊಸ ಸಾಕೆಟ್ಟಿನ ಕಡೆ ನೋಡಿದ.

"ಬೈಯಬೇಕು ಅನ್ಸುತ್ತಿದೆ. ಆಮೇಲೆ ಬೈತೀನಿ," ಎಂದರು ಟೀಚರ್. "ಈಗ ನನ್ನ ಮೂಗಿದೆಯಲ್ಲ, ಅದನ್ನ ಇಟ್ಕೊಂಡು ಏನು ಮಾಡ್ಬೇಕು ಹೇಳಿ."

ಅಂಟಿನ ಪಾತ್ರೆಯನ್ನು ಹೊರಗೆ ದೂರದಲ್ಲಿಟ್ಟು, ಬಾಗಿಲು ತೆರೆದು ಗಾಳಿ ಆಡಿಸಿದರು. ಹೀಟರಿನ ಮೇಲೆ ಬರೀ ನೀರು. ಮೂರನ್ನೂ ಮತ್ತೆ ಓಡಿಸಿ, ಮೇಸ್ತ್ರಿ ಕಾವು ಹತ್ತಿದೆಯೇ ಎಂದು ಅಂಗೈ ಹಿಂಬದಿಯನ್ನು ಗೋಡೆಗೆ ಒತ್ತುತ್ತ, ಬೆಂಕಿ ಕಂಡರೆ ಕೂಡಲೇ ಆರಿಸಲೆಂದು ಮೇನಿನ ಹತ್ತಿರವೇ ನಿಂತ. ಹತ್ತು ನಿಮಿಷದ ನಂತರ ಎಲ್ಲ ಆರಿಸಿದ. ಬ್ಲೋವರು ಓಡುತ್ತಿರುವಾಗ ವಾಸನೆ ಇಡೀ ಕೋಣೆ ಸುತ್ತುತ್ತದೆ, ಅದರ ಊರು ಯಾವುದೆಂದು ಹೇಳಲಾಗುವುದಿಲ್ಲ. ನಿಂತ ಮೇಲೆ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಇದನ್ನು ಅವನು ಈವರೆಗೆ ಯಾರಿಗೂ ಹೇಳಿಕೊಟ್ಟಿರಲಿಲ್ಲ.

"ಉದ್ದಕ್ಕೆ ಎಳೀಬೇಡಿ. ಮೊದಲು ಉಸಿರು ಬಿಟ್ಟು, ಆಮೇಲೆ ನಾಯಿ ಹಾಗೆ ಚಿಕ್ಕ ಚಿಕ್ಕದಾಗಿ."

"ನಾಯಿ ಹಾಗೆ! ಮೂವತ್ತು ವರ್ಷ ಮಕ್ಕಳಿಂದ ಏನೇನೋ ಅನ್ನಿಸ್ಕೊಂಡಿದೀನಿ, ಇದೊಂದು ಬಾಕಿಯಿತ್ತು."

"ಎರಡು ನಿಮಿಷಕ್ಕೆ ಮೂಗು ಸುಸ್ತಾಗುತ್ತೆ. ಆಗ ಹೊರಗೆ ಹೋಗಿ ನಿಮ್ಮ ತೋಳನ್ನೇ ಮೂಸಿ ಬನ್ನಿ, ಸರಿಹೋಗುತ್ತೆ. ಏನು ಬರ್ತಿದೆ ಈಗ?"

"ಏನೋ ಸುಟ್ಟ ವಾಸನೆ."

"ಸುಟ್ಟದ್ದು ಅಂದ್ರಾಗಲಿಲ್ಲ. ಕೊಳೆತ ಮೀನಿನ ಥರಾನಾ? ಹಾಗಾದ್ರೆ ಸ್ವಿಚ್ಚು, ಸಾಕೆಟ್ಟು. ಬಿಸಿಲಲ್ಲಿ ಬಿಟ್ಟ ಪ್ಲಾಸ್ಟಿಕ್ ಚಪ್ಪಲಿ ಥರ ಗಂಟಲಿಗೆ ಹತ್ತುತ್ತಾ? ಅದು ವೈರಿನ ಹೊದಿಕೆ. ಮಳೆ ಬಂದು ನಿಂತ ಮೇಲೆ ಗಾಳಿ ಚುರುಕ್ ಅನ್ನುತ್ತಲ್ಲ, ಹಾಗಿದ್ರೆ ಎಲ್ಲೋ ಕಿಡಿ ಹಾರ್ತಿದೆ."

ಹೆಸರುಗಳೆಲ್ಲ ಇವನ ಹತ್ತಿರ ಇದ್ದವು, ಒಂದೂ ಮಾಸಿರಲಿಲ್ಲ. ವಾಸನೆ ಮಾತ್ರ ಅವರ ಹತ್ತಿರ. ಟೀಚರ್ ಕಣ್ಣು ಮುಚ್ಚಿ, ಸ್ಟೂಲಿನ ಮೇಲೆ ನಿಂತು, ಮೊದಲ ರ‍್ಯಾಕಿನಿಂದ ಎರಡನೆಯದಕ್ಕೆ, ಮೂರನೆಯದಕ್ಕೆ ಮುಖ ಸರಿಸುತ್ತ ಹೋದರು. ಆ ಮುಖದ ಮೇಲೆ ಏನೋ ಬಂದು ಹೋಗುವುದನ್ನು ಅವನು ಕೆಳಗಿನಿಂದ ನೋಡುತ್ತಿದ್ದ, ಹೊರಗಿನಿಂದ ಕಿಟಕಿಯಲ್ಲಿ ಇನ್ನೊಬ್ಬರ ಊಟ ನೋಡಿದ ಹಾಗೆ.

"ಮೀನಲ್ಲ. ಚಪ್ಪಲಿ... ಸ್ವಲ್ಪ ಇದೆ, ದೂರದಲ್ಲಿ. ಅದಕ್ಕಿಂತ ಜಾಸ್ತಿ ಇದು ಪೆನ್ಸಿಲ್ ಹೆರೆದು, ಆ ಸಿಪ್ಪೆ ಬಾಣಲೆಯಲ್ಲಿ ಹುರಿದ ಹಾಗೆ. ಸ್ವಲ್ಪ ಸಿಹಿ."

"ಸಿಹಿನಾ?" ಅವನ ದನಿ ಏರಿತು. "ಹಾಗಂದ್ರೆ ಮರದ ಪುಡಿ ಹುರೀತಿದೆ ಟೀಚರೇ. ವೈರಿನ ಪೈಪೊಳಗೆ ಪುಡಿ ಹೋಗಲ್ಲ. ಅಲ್ಲೆಲ್ಲೋ ವೈರು ಸೇರಿಸೋ ಜಂಕ್ಷನ್ ಬಾಕ್ಸಿರ್ಬೇಕು, ಅದಕ್ಕೆ ಮುಚ್ಚಳ ಇಲ್ಲ. ಎಲ್ಲಿ ಜಾಸ್ತಿ, ಮೇಲೋ ಕೆಳಗೋ?"

"ಮೇಲೆ. ಇಲ್ಲಿ. ಇಲ್ಲೇ."

ಮೇಸ್ತ್ರಿ ಮೇನು ಆರಿಸಿದ. ಇಬ್ಬರೂ ಸೇರಿ ಮೂರನೆಯ ರ‍್ಯಾಕಿನ ಮೇಲಿನ ಹಲಗೆಗಳನ್ನು ಒಂದೊಂದಾಗಿ ಇಳಿಸಿದರು. ಹದಿನಾಲ್ಕನೆಯ ಹಲಗೆಯ ಹಿಂದೆ ಗೋಡೆಯಲ್ಲಿ ಅಂಗೈಯಗಲದ ಚೌಕ, ಬಾಯಿ ತೆರೆದುಕೊಂಡು, ತುಂಬ ಮರದ ಪುಡಿ. ಮೇಲಿನ ಪುಡಿ ಬಿಳಿ, ಒಳಗಿನದು ಕಾಫಿ ಬಣ್ಣ, ತಳದ್ದು ಇದ್ದಿಲು. ಟೆಸ್ಟರು ಇಟ್ಟು ಕರೆಂಟಿಲ್ಲವೆಂದು ಖಾತ್ರಿ ಮಾಡಿಕೊಂಡು ಬ್ರಷ್ಷಿನಿಂದ ಗುಡಿಸಿದ. ಕೈಯಿಂದ ಹೊಸೆದು ಬಿಟ್ಟಿದ್ದ ಜಾಯಿಂಟು; ಸುತ್ತಿದ್ದ ಟೇಪು ಬಿಸ್ಕತ್ತಿನ ಹಾಗೆ ಪುಡಿಪುಡಿಯಾಯಿತು. ಕೊನೆಗೆ ಇಳಿಸಿದ ಹಲಗೆಯ ಅಂಚು ಕರ್ರಗಾಗಿತ್ತು.

"ಹೀಗೇ ಇನ್ನೆಷ್ಟು ದಿನ ಇರ್ತಿತ್ತು?"

"ಇರ್ತಿರಲಿಲ್ಲ," ಎಂದ ಮೇಸ್ತ್ರಿ.

ಟೀಚರ್ ಸ್ಟೂಲಿನ ಮೇಲೆ ಕುಳಿತರು. ಅವನು ಸುಟ್ಟ ತುದಿಗಳನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಸ್ಕ್ರೂ ಇರುವ ಕನೆಕ್ಟರಿನಲ್ಲಿ ಬಿಗಿದು, ಮುಚ್ಚಳ ಹಾಕಿದ. ಬೋರ್ಡಿನಲ್ಲಿ ಹದಿನಾರು ಆಂಪಿಯರಿನ ಎಂಸಿಬಿ ಕೂರಿಸಿದ. ಗರಗಸಕ್ಕೆ ಬೇರೆ ದಪ್ಪನೆಯ ಲೈನು ಎಳೆಯುವವರೆಗೆ ಹೀಟರನ್ನು ಮಿಷನ್ನಿನ ಜೊತೆ ಹಾಕಬೇಡಿ, ಎಂಸಿಬಿ ಬಿದ್ದರೆ ಬೈಯಬೇಡಿ, ಆ ಹಲಗೆಗಳನ್ನು ಗೋಡೆಗೆ ತಾಗಿಸಬೇಡಿ ಎಂದ. ಪರೀಕ್ಷೆಗೆಂದು ಎಲ್ಲವನ್ನೂ ಓಡಿಸಿದಾಗ ಸಾಕೆಟ್ಟಿನಲ್ಲಿ ಇನ್ನೂರ ಇಪ್ಪತ್ತೆರಡು. ಇಪ್ಪತ್ತು ನಿಮಿಷ ಕಳೆಯಿತು. ಮುಚ್ಚಳ ಬೆಚ್ಚಗೂ ಆಗಲಿಲ್ಲ.

"ಏನೂ ಇಲ್ಲ," ಎಂದರು ಟೀಚರ್ ಚಿಕ್ಕ ಚಿಕ್ಕದಾಗಿ ಮೂಸಿ. "ಬರೀ ಮರ."

"ಬರೀ ಮರ ಅಂದ್ರೆ ಹೇಗಿರುತ್ತೆ?"

ಅದನ್ನು ಕೆಲಸಕ್ಕಾಗಿ ಕೇಳಿರಲಿಲ್ಲ. ಟೀಚರ್ ಬಾಯಿ ತೆರೆದರು, ಯೋಚಿಸಿದರು, ಒಂದು ಹಲಗೆಯ ಚೂರನ್ನು ಎತ್ತಿ ಮೂಗಿಗೆ ಹಿಡಿದರು.

"ಮರದ ಹಾಗೇ ಇರುತ್ತೆ ಮೇಸ್ತ್ರಿ," ಎಂದರು ಕೊನೆಗೆ, ತಪ್ಪು ಮಾಡಿದವರ ಹಾಗೆ.

ಅಷ್ಟರಲ್ಲಿ ಅತ್ತಿಗೆ ಮೆಟ್ಟಿಲಿಳಿದು ಬಂದರು, ಮೂಗಿಗೆ ಬಟ್ಟೆ ಒತ್ತಿಕೊಂಡು.

"ಸಿಕ್ತಾ? ನಾನು ಹೇಳಿರಲಿಲ್ವಾ, ಆ ಮೂಗು ಸುಳ್ಳು ಹೇಳಲ್ಲ ಅಂತ?"

ಮೇಸ್ತ್ರಿ ಚೀಲದ ಜಿಪ್ಪು ಎಳೆಯುತ್ತಿದ್ದವನು ನಿಲ್ಲಿಸಿದ. ಟೀಚರ್ ಬಾತುಕೋಳಿಯೊಂದರ ಚಕ್ರ ತಿರುಗಿಸುತ್ತ ನಿಂತರು. ಹೇಳಬಹುದಾದದ್ದು ತಮ್ಮದಲ್ಲ ಎಂಬಂತೆ.

"ನನ್ನ ಮೂಗು ಸತ್ತು ಒಂಬತ್ತು ತಿಂಗಳಾಯ್ತಮ್ಮ," ಎಂದ ಮೇಸ್ತ್ರಿ. "ಮೊನ್ನೆ ನಾನು ತೋರಿಸಿದ್ದು ತಪ್ಪು. ಇವತ್ತು ಹುಡುಕಿದ್ದು ಟೀಚರು."

ಅತ್ತಿಗೆ ಒಂದು ಕ್ಷಣ ಅವನನ್ನು ನೋಡಿದರು. ಆಮೇಲೆ ಗೋಡೆ ಹಿಡಿದುಕೊಂಡು ನಕ್ಕರು.

"ಅಯ್ಯೋ, ಏನು ವಿನಯಾರೀ! ನೋಡೇ, ಮೊನ್ನೆ ನಿನ್ನ ಮೂಗಿಗೆ ಅಂದಿದ್ದಕ್ಕೆ ಇವತ್ತು ಹೇಗೆ ಸರಿಮಾಡ್ತಾರೆ! ಸತ್ತ ಮೂಗಂತೆ! ಇದನ್ನ ಪಕ್ಕದ ಮನೆಯವಳಿಗೆ ಹೇಳ್ಬೇಕು ತಡಿ," ಎನ್ನುತ್ತ ಬಂದ ದಾರಿಯಲ್ಲೇ ಮೇಲೆ ಹೋದರು. ನಗು ಮಹಡಿಯ ಬಾಗಿಲಿನವರೆಗೂ ಕೇಳಿಸಿತು.

ಅಷ್ಟು ದಿನ ಹೊತ್ತದ್ದನ್ನು ಕೆಳಗಿಳಿಸಿದರೆ ನೆಲವೇ ಅದುರೀತು ಎಂದುಕೊಂಡಿದ್ದ. ಯಾರಿಗೂ ಏನೂ ಆಗಲಿಲ್ಲ. ಅದು ತಮಾಷೆಯಾಗಿ ಮಹಡಿ ಹತ್ತಿತು, ಇನ್ನು ಬೀದಿ ಸುತ್ತುತ್ತದೆ. ಇವನು ಇದ್ದಲ್ಲೇ ಇದ್ದ.

"ಬೈತೀನಿ ಅಂದಿದ್ರಿ," ಎಂದ.

"ಬೇಡ ಬಿಡಿ. ಹೋಗಿ. ಬೇರೆ ಕೆಲಸಕ್ಕಲ್ಲ, ಮನೆಗೆ ಹೋಗಿ."

ಮನೆಗೇ ಹೋದ. ಹೆಂಡತಿ ಹಿತ್ತಲ ಕಡೆ ನಲ್ಲಿಯನ್ನು ಪೂರ್ತಿ ತಿರುಗಿಸಿಕೊಂಡು ಬಟ್ಟೆ ಒಗೆಯುತ್ತಿದ್ದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ವಾಕ್ಯವನ್ನು ಅವನು ಬಾಗಿಲಲ್ಲಿ ನಿಂತೇ, ಅವಳ ಬೆನ್ನಿಗೆ ಹೇಳಿದ.

"ಏನಂದ್ರಿ?" ಅವಳು ತಿರುಗದೆ ಕೂಗಿದಳು. "ನೀರಿನ ಸದ್ದಲ್ಲಿ ಕೇಳಿಸಲ್ಲ. ಫ್ಲಾಸ್ಕಿನಲ್ಲಿ ಟೀ ಇದೆ, ಹಾಕ್ಕೊಳ್ಳಿ."

ಹಾಕಿಕೊಳ್ಳಬಹುದಿತ್ತು. ಹೇಳಿದ್ದಾಯಿತು, ಕೇಳಿಸದಿದ್ದರೆ ನನ್ನ ತಪ್ಪೇ ಎಂದುಕೊಂಡು ಟೀ ಕುಡಿದು ಪೇಪರು ಹಿಡಿಯಬಹುದಿತ್ತು. ಮೇಸ್ತ್ರಿ ಚಪ್ಪಲಿ ಬಿಟ್ಟು ಒದ್ದೆ ಕಲ್ಲಿನ ಮೇಲೆ ನಡೆದು ಹೋಗಿ ನಲ್ಲಿ ನಿಲ್ಲಿಸಿದ. ಅವಳು ನೊರೆಗೈಯಲ್ಲಿ ಅವನತ್ತ ನೋಡಿದಳು.

"ನಂಗೆ ವಾಸನೆ ಬರಲ್ಲ ಕಣೇ. ಆ ಜ್ವರ ಬಂದಾಗಿಂದ. ಯಾವುದೂ ಬರಲ್ಲ." ಅವಳ ನೊರೆಗೈ ನೋಡುತ್ತ ಹೇಳಿದ, "ನಿಂದೂ."

ಅವಳು ಮತ್ತೆ ನಲ್ಲಿ ತಿರುಗಿಸಲಿಲ್ಲ, ಎದ್ದು ಬರಲೂ ಇಲ್ಲ. ಅರ್ಧ ಹಿಂಡಿದ ಅಂಗಿಯನ್ನು ಹಿಡಿದುಕೊಂಡು, ಒಂಬತ್ತು ತಿಂಗಳಲ್ಲಿ ತಾನು ಕೇಳಿದ್ದಕ್ಕೆಲ್ಲ ಇವನು ಹೂಂ ಎಂದದ್ದನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿರುವವಳ ಹಾಗೆ ಅವನನ್ನೇ ನೋಡುತ್ತಿದ್ದಳು. ಮೇಸ್ತ್ರಿ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಅಂಚಿನಲ್ಲಿ ಕುಳಿತ. ಪ್ಯಾಂಟು ನೆನೆಯುತ್ತಿತ್ತು. ಏಳಲಿಲ್ಲ.